ಆ್ಯಪ್‌ನಲ್ಲಿ ಹಸಿರು, ಹೋಗಿ ನೋಡಿದರೆ ಕೆಟ್ಟ ಚಾರ್ಜರ್: ಹಿರಿಯೂರು ಸ್ಟೇಷನ್ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ದಾವಣಗೆರೆಯವನು. ಎರಡು ವರ್ಷದಿಂದ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ. ಊರೊಳಗೆ ಏನೂ ತೊಂದರೆಯಿಲ್ಲ. ರಾತ್ರಿ ಮನೆಯ 15 ಆಂಪಿಯರ್ ಪ್ಲಗ್‌ಗೆ ಹಾಕಿದರೆ ಬೆಳಿಗ್ಗೆಗೆ ಗಾಡಿ ರೆಡಿ. ಕಷ್ಟ ಇರುವುದು ಹೈವೇಯಲ್ಲಿ, ಅದೂ ನಿಮ್ಮ ಚಾರ್ಜರ್ ನಂಬಿ ಹೊರಟಾಗ.

ಕಳೆದ ವಾರ ಬೆಂಗಳೂರಿನಲ್ಲಿ ಅಮ್ಮನಿಗೆ ಕಣ್ಣಿನ ಆಪರೇಷನ್ ಆಯಿತು. ಮರುದಿನ ಊರಿಗೆ ಹೊರಟೆವು. ಸುಮಾರು 260 ಕಿಲೋಮೀಟರ್ ದಾರಿ, ಬ್ಯಾಟರಿ 85 ಪರ್ಸೆಂಟ್. ಕಾರಿನ ಕಂಪನಿಯವರು ಏನೇ ಬರೆದಿರಲಿ, ಎಸಿ ಹಾಕಿ 90ರ ವೇಗದಲ್ಲಿ ಹೋದರೆ ನನ್ನ ಗಾಡಿ ಫುಲ್ ಚಾರ್ಜ್‌ಗೆ 240 ಕೊಟ್ಟರೆ ಹೆಚ್ಚು. ಅದು ಗೊತ್ತಿದ್ದೇ, ದಾರಿಯಲ್ಲಿ ಒಂದು ಸಲ ಚಾರ್ಜ್ ಮಾಡುವ ಲೆಕ್ಕ ಹಾಕಿದ್ದೆ.

ಶಿರಾದಲ್ಲಿ ನಿಮ್ಮ ಆ್ಯಪ್ ತೆಗೆದು ನೋಡಿದೆ. ಹಿರಿಯೂರು ಸ್ಟೇಷನ್‌ಗೆ ಹಸಿರು ಗುರುತು, ಎರಡು ಗನ್ನೂ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್) ಖಾಲಿ ಅಂತ ಇತ್ತು. ಹಾಗಾಗಿ ಶಿರಾದಲ್ಲಿದ್ದ ಬೇರೆಯವರ ಚಾರ್ಜರ್ ಬಿಟ್ಟು ಮುಂದೆ ಬಂದೆ.

ಹಿರಿಯೂರು ತಲುಪಿದಾಗ ಉಳಿದಿದ್ದು 16 ಪರ್ಸೆಂಟ್. ಗನ್ ಹಾಕಿದೆ, ಲಾಕ್ ಆಯಿತು. ಎರಡು ನಿಮಿಷ ಪರದೆಯ ಮೇಲೆ ಗೆರೆ ತಿರುಗಿತು, ಆಮೇಲೆ ಕೆಂಪು ದೀಪ. ಎರಡನೇ ಗನ್ನಿನ ಕಥೆಯೂ ಅದೇ. ಅಲ್ಲಿನ ಸೆಕ್ಯುರಿಟಿಯವರು, 'ಹೋದ ಸೋಮವಾರದಿಂದ ಹಿಂಗೇ ಐತೆ ಸರ್, ದಿನಾ ನಾಲ್ಕೈದು ಗಾಡಿ ಬಂದು ವಾಪಸ್ ಹೋಗ್ತಾವೆ' ಅಂದರು. ನಿಮ್ಮ ಕಸ್ಟಮರ್ ಕೇರ್‌ನವರು ದೂರಿನ ನಂಬರ್ ಕೊಟ್ಟು, 48 ಗಂಟೆಯಲ್ಲಿ ಸರಿಮಾಡುತ್ತೇವೆ ಅಂದರು. ಅಲ್ಲಿಯವರೆಗೆ ನಾನು ಅಮ್ಮನನ್ನು ಎಲ್ಲಿ ಕೂರಿಸಲಿ?

ಚಿತ್ರದುರ್ಗಕ್ಕೆ ಇನ್ನೂ 40 ಕಿಲೋಮೀಟರ್. ರಸ್ತೆ ಏರು, ಜೊತೆಗೆ ಆಷಾಢದ ಎದುರುಗಾಳಿ. ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲವಲ್ಲ ಆ ಗುಡ್ಡಗಳ ಮೇಲೆ. ಚಾರ್ಜ್ ಉಳಿಸಲು ಎಸಿ ಆರಿಸಿದೆ. ಆಪರೇಷನ್ ಆದ ಕಣ್ಣಿಗೆ ಧೂಳು ಬೀಳಬಾರದು ಅಂತ ಗಾಜು ಇಳಿಸುವ ಹಾಗಿಲ್ಲ. 45ರ ವೇಗದಲ್ಲಿ ಎಡಬದಿ ಹಿಡಿದು ಹೋದೆ. ಲಾರಿಗಳು ಹಾರ್ನ್ ಹೊಡೆದು ಪಕ್ಕದಲ್ಲೇ ನುಗ್ಗುತ್ತಿದ್ದವು. ಅಮ್ಮ ಕಪ್ಪು ಕನ್ನಡಕದ ಕೆಳಗೆ ಸೆರಗಿನಿಂದ ಬೆವರು ಒತ್ತಿಕೊಳ್ಳುತ್ತಾ, ಕಣ್ಣು ಉಜ್ಜಬಾರದು ಅಂತ ಕೈ ಬಿಗಿಹಿಡಿದು ಕೂತಿದ್ದರು. ಕಣ್ಣಿನ ಡ್ರಾಪ್ಸ್ ಹಾಕುವ ಹೊತ್ತಾದರೂ ನಿಲ್ಲಿಸಲು ಧೈರ್ಯ ಬರಲಿಲ್ಲ. ದುರ್ಗ ಸೇರಿದಾಗ 4 ಪರ್ಸೆಂಟ್.

ಯಂತ್ರ ಕೆಡುತ್ತದೆ, ಅದಕ್ಕೆ ನಾನು ಜಗಳವಾಡುವುದಿಲ್ಲ. ಕೆಟ್ಟಿದೆ ಅಂತ ಹೇಳಿದ್ದರೆ ಶಿರಾದಲ್ಲೇ ನಿಲ್ಲುತ್ತಿದ್ದೆ. ಪೆಟ್ರೋಲ್ ಗಾಡಿಯವರಿಗೆ ಒಂದು ಬಂಕ್ ಮುಚ್ಚಿದ್ದರೆ ಮುಂದೆ ಇನ್ನೊಂದು ಸಿಗುತ್ತದೆ. ನಮಗೆ ನಿಮ್ಮ ಹಸಿರು ಗುರುತೇ ಗತಿ. ಎಂಟು ದಿನದಿಂದ ಒಂದು ಯೂನಿಟ್ಟೂ ಹೋಗದ ಚಾರ್ಜರ್ ಕೆಟ್ಟಿದೆ ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಾಗಲ್ವಾ?

ಆ ಸ್ಟೇಷನ್ ಸರಿಯಾಗುವವರೆಗೆ ಆ್ಯಪ್‌ನಲ್ಲಿ ಕೆಂಪು ತೋರಿಸಿ. ಪ್ರತಿ ಗನ್ ಕೊನೆಯ ಸಲ ಯಾವಾಗ ಚಾರ್ಜ್ ಕೊಟ್ಟಿತು ಅಂತ ಪಕ್ಕದಲ್ಲೇ ಬರೆಯಿರಿ, ನೋಡಿ ನಾವೇ ತೀರ್ಮಾನ ಮಾಡುತ್ತೇವೆ. ನಿಮ್ಮ ಆ್ಯಪ್‌ನ ವ್ಯಾಲೆಟ್‌ನಲ್ಲಿ ಹಿಡಿದಿಟ್ಟ ನನ್ನ 450 ರೂಪಾಯಿ ವಾಪಸ್ ಕೊಡಿ. 15 ದಿನದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಿನಲ್ಲೇ, ಅಂದರೆ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ಕೇಸು ಹಾಕಬಹುದು. ಅದಕ್ಕೂ ತಯಾರಿದ್ದೇನೆ.

ಕೆಂಪು ದೀಪದ ಫೋಟೋ, ಅದೇ ಹೊತ್ತಿನ ಆ್ಯಪ್‌ನ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. ಮುಂದಿನ ತಿಂಗಳು ಅಮ್ಮನನ್ನು ಚೆಕಪ್‌ಗೆ ಮತ್ತೆ ಇದೇ ದಾರಿಯಲ್ಲಿ ಕರೆದುಕೊಂಡು ಹೋಗಬೇಕು.

ಇಂತಿ,
ನಿಮ್ಮ ಗ್ರಾಹಕ
ವಿದ್ಯಾನಗರ, ದಾವಣಗೆರೆ