ಪ್ರಮಾಣಪತ್ರ ಬಂದರೆ ಕ್ಷುದ್ರಗ್ರಹಕ್ಕೆ ಹೆಸರು ಬಿದ್ದಂತಲ್ಲ

ಮಾನ್ಯ ಸಂಪಾದಕರೇ,

‘ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಂದ ಕ್ಷುದ್ರಗ್ರಹ ಪತ್ತೆ, ಅವರದೇ ಹೆಸರು’ ಎಂಬ ಧಾಟಿಯ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಮಕ್ಕಳ ಶ್ರಮ ನಿಜ, ಹೆಸರಿನ ಮಾತು ಮಾತ್ರ ಅವಸರದ್ದು. ಅವರ ಕೈಯಲ್ಲಿರುವ ಪ್ರಮಾಣಪತ್ರವನ್ನು ಓದಿ ನೋಡಿದರೆ ಸಾಮಾನ್ಯವಾಗಿ ‘ಪ್ರಾಥಮಿಕ ಪತ್ತೆ’ ಎಂದಷ್ಟೇ ಇರುತ್ತದೆ.

ವಿದ್ಯಾರ್ಥಿಗಳಿಗಾಗಿ ನಡೆಯುವ ಕ್ಷುದ್ರಗ್ರಹ ಹುಡುಕಾಟದ ಅಭಿಯಾನಗಳಲ್ಲಿ ಮಕ್ಕಳಿಗೆ ಸಿಗುವುದು ಹವಾಯಿಯ ಹಲೇಕಲಾ ಬೆಟ್ಟದ ಮೇಲಿನ 1.8 ಮೀಟರ್ ಪ್ಯಾನ್‌-ಸ್ಟಾರ್ಸ್ ದೂರದರ್ಶಕದಂಥವು ತೆಗೆದ ಚಿತ್ರಗಳು. ಆಕಾಶದ ಒಂದೇ ತುಂಡನ್ನು ನಡುನಡುವೆ ಬಿಡುವು ಕೊಟ್ಟು ನಾಲ್ಕು ಸಲ ತೆಗೆದಿರುತ್ತಾರೆ. ಅವನ್ನು ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಮಿಟುಕಿಸಿದರೆ ನಕ್ಷತ್ರ ನಿಂತಲ್ಲೇ ಇರುತ್ತದೆ, ಕ್ಷುದ್ರಗ್ರಹ ಸರಿಯುತ್ತದೆ. ಮಂಗಳ-ಗುರುಗಳ ನಡುವಿನ ಮುಖ್ಯಪಟ್ಟಿಯ ಕಾಯವಾದರೆ 20 ನಿಮಿಷಕ್ಕೆ ಸುಮಾರು 12 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್), ಅಂದರೆ 400 ಮೀಟರ್ ಆಚೆ ಹಿಡಿದ ಒಂದು ರೂಪಾಯಿ ನಾಣ್ಯ ಕಾಣುವಷ್ಟು ಅಗಲ. ಎಡವುವುದೂ ಇಲ್ಲೇ. ಕ್ಯಾಮೆರಾದ ಕೆಟ್ಟ ಪಿಕ್ಸೆಲ್, ಕಾಸ್ಮಿಕ್ ಕಿರಣ ಬಡಿದ ಚುಕ್ಕೆ ಒಂದೆರಡು ಚಿತ್ರದಲ್ಲಿ ಥೇಟ್ ಕ್ಷುದ್ರಗ್ರಹದಂತೆ ಕಾಣುತ್ತವೆ. ನಾಲ್ಕೂ ಚಿತ್ರದಲ್ಲಿ ಒಂದೇ ಗೆರೆಯ ಮೇಲೆ, ಒಂದೇ ವೇಗದಲ್ಲಿ, ಹೆಚ್ಚುಕಡಿಮೆ ಅದೇ ಪ್ರಕಾಶದಲ್ಲಿ ದುಂಡಗಿನ ಚುಕ್ಕೆ ಇದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಬೇಕು.

ಅಷ್ಟಾದರೂ ಒಂದು ರಾತ್ರಿಯ ಅಳತೆ ಸಾಲದು. ಕನಿಷ್ಠ ಎರಡು ರಾತ್ರಿಯ ಅಳತೆ ಕೂಡಿದ ಮೇಲೆ ಕ್ಷುದ್ರಗ್ರಹಗಳ ದಾಖಲೆ ಇಡುವ ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್ ತಾತ್ಕಾಲಿಕ ಸಂಕೇತ ಕೊಡುತ್ತದೆ. ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಲ್ಲಿ ಖಗೋಳ ವಿಜ್ಞಾನಿ ರಾಜಮೋಹನ್ ಅವರು ಪತ್ತೆ ಮಾಡಿದ ‘1988 ಡಿಕ್ಯೂ1’ ತಗೊಳ್ಳಿ. ತಿಂಗಳಿಗೆ ಎರಡು ಅಕ್ಷರದಂತೆ ‘ಡಿ’ ಎಂದರೆ ಫೆಬ್ರುವರಿಯ ಎರಡನೇ ಅರ್ಧ. ‘ಐ’ ಬಿಟ್ಟು ಎಣಿಸಿದರೆ ‘ಕ್ಯೂ’ 16ನೆಯದು. ಮುಂದಿನ 1 ಎಂದರೆ 25 ಅಕ್ಷರಗಳ ಒಂದು ಸುತ್ತು ಮುಗಿದಿದೆ. ಹಾಗಾಗಿ ಆ ಅರ್ಧ ತಿಂಗಳಿನ 41ನೇ ಕಾಯ. ಈಗ ಅದು 4130 ರಾಮಾನುಜನ್; 4130 ಅದರ ಶಾಶ್ವತ ಸಂಖ್ಯೆ.

ಸಂಕೇತಕ್ಕೂ ಶಾಶ್ವತ ಸಂಖ್ಯೆಗೂ ನಡುವೆ ತಡವಾಗುವುದು ಕಚೇರಿಯ ಸೋಮಾರಿತನದಿಂದಲ್ಲ, ಕಕ್ಷೆಯಿಂದ. ಒಂದೆರಡು ರಾತ್ರಿಯ ಅಳತೆ ದಿಕ್ಕು, ವೇಗ ಹೇಳುತ್ತದೆ; ದೂರವನ್ನು ಗಟ್ಟಿಯಾಗಿ ಹೇಳುವುದಿಲ್ಲ. ಸೂರ್ಯನಿಂದ ಭೂಮಿಯ ದೂರದ 2.7 ಪಟ್ಟು ಆಚೆ ಇರುವ ಕಾಯಕ್ಕೆ ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ವರ್ಷ ಬೇಕು. ಅದು ನಮ್ಮ ಆಕಾಶದಲ್ಲಿ ಸೂರ್ಯನ ಎದುರು ದಿಕ್ಕಿಗೆ ಬಂದು ಚೆನ್ನಾಗಿ ಕಾಣುವುದು ಸುಮಾರು ಹದಿನೈದೂವರೆ ತಿಂಗಳಿಗೊಮ್ಮೆ. ಶಾಶ್ವತ ಸಂಖ್ಯೆಗೆ ಸಾಮಾನ್ಯವಾಗಿ ಇಂಥ ನಾಲ್ಕು ಸರದಿಯ ಅಳತೆ ಬೇಕಾಗುವುದರಿಂದ ನಾಲ್ಕು ವರ್ಷ ಹಾಗೇ ಹೋಗುತ್ತದೆ. ಹಳೆಯ ಚಿತ್ರಗಳಲ್ಲಿ ಅದೇ ಕಾಯ ಸಿಕ್ಕರೆ ಬೇಗ ಆಗಬಹುದು. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜ್ಜಿ ಕಂಡ ಮೊಟ್ಟಮೊದಲ ಕ್ಷುದ್ರಗ್ರಹ ಸೆರೆಸ್ ಕೂಡ ಒಂದೂವರೆ ತಿಂಗಳೊಳಗೆ ಕಣ್ತಪ್ಪಿ ಸೂರ್ಯನ ಪ್ರಭೆಯಲ್ಲಿ ಮರೆಯಾಗಿತ್ತು. ಗಣಿತಜ್ಞ ಗೌಸ್ ಅದರ ಕಕ್ಷೆಯ ಲೆಕ್ಕ ಹಾಕಿಕೊಟ್ಟ ಮೇಲೆ ವರ್ಷದ ಕೊನೆಗೆ ಮತ್ತೆ ಸಿಕ್ಕಿತು.

ಸಂಖ್ಯೆ ಬಿದ್ದ ಮೇಲೆ ಹೆಸರು ಸೂಚಿಸಲು ಶೋಧಕರಿಗೆ ಹತ್ತು ವರ್ಷ ಅವಕಾಶ. ರೋಮನ್ ಲಿಪಿಯಲ್ಲಿ 16 ಅಕ್ಷರ ಮೀರಬಾರದು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ರೂಢಿಯಲ್ಲಿಲ್ಲ, ವ್ಯಾಪಾರದ ಉದ್ದೇಶದ ಹೆಸರು ನಡೆಯುವುದಿಲ್ಲ. ರಾಜಕಾರಣಿ, ಸೇನಾನಿಗಳಾದರೆ ತೀರಿಹೋಗಿ ನೂರು ವರ್ಷ ಆಗಿರಬೇಕು. (ಪಿಯಾಜ್ಜಿ ತನ್ನ ದೊರೆಯ ಹೆಸರು ಸೇರಿಸಿ ‘ಸೆರೆಸ್ ಫರ್ಡಿನಾಂಡಿಯಾ’ ಎಂದಿದ್ದ, ದೊರೆಯ ಪಾಲು ಉಳಿಯಲಿಲ್ಲ.) ಕೊನೆಯ ಒಪ್ಪಿಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿಯದು. ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಗೆದ್ದ ವಿದ್ಯಾರ್ಥಿಗಳ ಹೆಸರು ಇಟ್ಟದ್ದುಂಟು, ಆದರೆ ಆ ಕಾಯಗಳನ್ನು ಪತ್ತೆ ಮಾಡಿದ್ದು ಆ ವಿದ್ಯಾರ್ಥಿಗಳಲ್ಲ, ಅಮೆರಿಕದ ಲಿಂಕನ್ ಲ್ಯಾಬೊರೇಟರಿ. ಎರಡನ್ನೂ ಒಂದೇ ಸುದ್ದಿಯಲ್ಲಿ ಕಲಸಬಾರದು.

ಆದ್ದರಿಂದ ವರದಿಗಾರರು ಇಂಥ ಸುದ್ದಿ ಬಂದಾಗ ಮೊದಲು ಸಂಕೇತ ಯಾವುದು, ಸಂಖ್ಯೆ ಬಿದ್ದಿದೆಯೇ ಎಂದು ಕೇಳಲಿ. ಸಂಕೇತವನ್ನು ಮೈನರ್ ಪ್ಲಾನೆಟ್ ಸೆಂಟರಿನ ಜಾಲತಾಣದಲ್ಲಿ ಹಾಕಿದರೆ ಎಷ್ಟು ಸರದಿಯ ಅಳತೆ ಆಗಿದೆ, ಶೋಧಕರೆಂದು ಯಾರ ಹೆಸರಿದೆ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

– ಆಕಾಶ ವೀಕ್ಷಣೆಯ ಆಸಕ್ತರು, ವಿಜಯಪುರ