ಬೆಲ್ಲನಿಗೆ ಗದರಬೇಡ

ಪ್ರೀತಿಯ ಪುಟ್ಟಿ,

ಊರು ಮುಟ್ಟಿ ಹತ್ತು ದಿನವಾಯಿತು. ಈಗಲೂ ಅಡುಗೆಮನೆಯಿಂದ ಹಾಲ್‌ಗೆ ಬರುವಾಗ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ಅಬರ್ಡೀನ್‌ನಲ್ಲಿದ್ದ ಎರಡು ತಿಂಗಳೂ ನಿನ್ನ ನಾಯಿ ಬೆಲ್ಲ ನನ್ನ ಕಾಲ ಹಿಂದೆಯೇ ಇದ್ದನಲ್ಲ.

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದೇ ತಲೆಯಲ್ಲಿದೆ. ಬೊಗಳಾಟ ಜಾಸ್ತಿ ಅಂತ ಪಕ್ಕದ ಮನೆಯವರು ದೂರಿದರು, ನೀನು ಗದರಿದೆ, ಅವನು ರಾತ್ರಿ ಊಟ ಮುಟ್ಟಲಿಲ್ಲ. ಬೈಬೇಡ ಮಗಳೇ. ಅವನಂಥ ಶೆಲ್ಟಿ ಜಾತಿಯ ನಾಯಿಗಳು ನಾವು ದನಿ ಏರಿಸಿದರೆ ಕುಗ್ಗಿಹೋಗುತ್ತವೆ. ಬೊಗಳುವುದು ಅವನ ಹಿರಿಯರ ದುಡಿಮೆ. ಶೆಟ್‌ಲೆಂಡ್ ದ್ವೀಪಗಳ ಸಣ್ಣ ರೈತರ ಬೆಳೆಗೆ ಕುರಿ ನುಗ್ಗದಂತೆ ಬೊಗಳಿ ಅಟ್ಟುತ್ತಿದ್ದ ನಾಯಿ ಅದು. ನಿನ್ನ ತಾತ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ, ಕೂಗು ಹಾಕಿ ಗಿಣಿ ಓಡಿಸುತ್ತಿದ್ದರು. ಅದೇ ಕೆಲಸ ಅಲ್ವಾ?

ಒಂದು ಸಂಜೆ ನೆನಪಿದೆ. ನೀನು ಲ್ಯಾಪ್‌ಟಾಪ್ ಮುಂದೆ, ಅಳಿಯಂದಿರು ಮಹಡಿಯಲ್ಲಿ, ನಾನು ಒಲೆ ಹತ್ತಿರ. ಬೆಲ್ಲ ಮೂರೂ ಕಡೆ ಓಡಾಡಿದ. ನನ್ನ ಸೀರೆಯ ನೆರಿಗೆಗೆ ಮೂತಿ ತಾಗಿಸಿ ತಾಗಿಸಿ ಕರೆದ. ಮೂವರೂ ಹಾಲ್‌ನಲ್ಲಿ ಕೂತ ಮೇಲೆ ಬಾಗಿಲಿಗೆ ಅಡ್ಡ ಮಲಗಿ, ಉದ್ದಕ್ಕೆ ಉಸಿರು ಬಿಟ್ಟ. ಮಂದೆ ಒಂದಾಯಿತು ಅನ್ನುವ ಹಾಗೆ! ಅವತ್ತೇ ನನಗೆ ಅವನ ಮೇಲಿದ್ದ ಹೆದರಿಕೆ ಹೋಯಿತು.

ನಾನು ಮಾಡುತ್ತಿದ್ದುದು ಇಷ್ಟೇ. ಮೊದಲ ಬೊಗಳಿಗೇ ಮೆಲ್ಲಗೆ "ಸಾಕು, ಬಾ" ಅನ್ನುತ್ತಿದ್ದೆ. ಬಂದರೆ ಒಂದು ಚೂರು ಕ್ಯಾರೆಟ್. ಆಮೇಲೆ ನಿನ್ನ ಕಾಲುಚೀಲ ಬಚ್ಚಿಟ್ಟು ಹುಡುಕಿಸುತ್ತಿದ್ದೆ. ತಲೆಗೆ ಕೆಲಸ ಸಿಕ್ಕರೆ ಕಿಟಕಿಯಾಚೆ ನೋಡಿ ಬೊಗಳುವುದನ್ನು ಮರೆಯುತ್ತಾನೆ. ವಾರದಲ್ಲೇ ಕನ್ನಡದ "ಸಾಕು" ಕಲಿತುಬಿಟ್ಟ, ಜಾಣ.

ಕೂದಲು ಮೇಲೆ ಮೇಲೆ ಬಾಚಬೇಡ. ಮೇಲಿನದು ಒರಟು, ಒಳಗೆ ಹತ್ತಿಯಂಥ ಇನ್ನೊಂದು ಪದರ ಇದೆ. ಸ್ವಲ್ಪ ನೀರು ಚಿಮುಕಿಸಿ, ಬೈತಲೆ ತೆಗೆದ ಹಾಗೆ ಬಿಡಿಸಿ, ಬುಡದಿಂದ ಬಾಚು. ಕಿವಿಯ ಹಿಂದೆ ಬೇಗ ಗಂಟು ಕಟ್ಟುತ್ತದೆ. ಸೆಕೆ ಅಂತ ಬೋಳಿಸಲೇಬೇಡ.

ಇನ್ನೊಂದು ಮಾತು, ಇದನ್ನು ಮರೆಯಬೇಡ. ಕೆಲವು ಶೆಲ್ಟಿಗಳಿಗೆ ಹುಟ್ಟಿನಿಂದಲೇ ಎಂಡಿಆರ್1 ಜೀನಿನ ದೋಷ ಇರುತ್ತದೆ. ಅಂಥವಕ್ಕೆ ಐವರ್‌ಮೆಕ್ಟಿನ್ ಅನ್ನುವ ಜಂತುಹುಳದ ಔಷಧಿಯ ಪ್ರಮಾಣ ಹೆಚ್ಚಾದರೆ ಮಿದುಳಿಗೆ ಏರಿ ಜೀವಕ್ಕೇ ಕುತ್ತು. ಕುರಿ, ಕುದುರೆಗಳಿಗೂ ಜಂತುಹುಳಕ್ಕೆ ಅದೇ ಔಷಧಿ ಕೊಡುತ್ತಾರೆ, ಅದು ಅವುಗಳ ಹಿಕ್ಕೆ, ಲದ್ದಿಯಲ್ಲೂ ಉಳಿದಿರುತ್ತದೆ. ಹಾಗಾಗಿ ವಾಕಿಂಗ್‌ನಲ್ಲಿ ಅವಕ್ಕೆ ಬಾಯಿ ಹಾಕಲು ಬಿಡಬೇಡ. ಕೆನ್ನೆಯೊಳಗೆ ಹತ್ತಿ ಒರೆಸಿ ಮಾಡುವ ಪರೀಕ್ಷೆ ಇದೆ, ಡಾಕ್ಟರನ್ನು ಈ ವಾರವೇ ಕೇಳು.

ಭಾನುವಾರ ವಿಡಿಯೋ ಕಾಲ್ ಮಾಡುವಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೋ. ನಾನು "ಬಾ" ಅನ್ನುವುದಿಲ್ಲ, ಪಾಪ, ಹುಡುಕುತ್ತಾನೆ. ಸುಮ್ನೆ ನೋಡುತ್ತೇನೆ.

ನಿನ್ನ
ಅಮ್ಮ