ದಂಡ ಹಾಕುವ ಮೊದಲೇ ನಿಯಮ ಬೇಕು: ನಿರ್ಮಲಾ ಸೀತಾರಾಮನ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ.

ಹಣಕಾಸು ಸಚಿವೆ ಎಂದು ನಿಮಗೆ ಬರೆಯುವವರೇ ಜಾಸ್ತಿ. ನಾನು ಬರೆಯುತ್ತಿರುವುದು ಕಂಪನಿ ವ್ಯವಹಾರಗಳ ಸಚಿವೆಗೆ. ದೊಡ್ಡ ಟೆಕ್ ಕಂಪನಿಗಳಿಗೆ ಮೊದಲೇ ಕಟ್ಟುಪಾಡು ಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಇರುವುದು ನಿಮ್ಮ ಆ ಇಲಾಖೆಯಲ್ಲೇ. ನೀವು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ಆ್ಯಪ್ ಕಟ್ಟಿ ಬದುಕುವ ಸಾವಿರಾರು ಜನ ಇರುವುದೂ ಇಲ್ಲೇ. ಹಾಗಾಗಿ ನಿಮ್ಮ ಹತ್ತಿರ ಕೇಳುವುದು ನಮ್ಮ ಹಕ್ಕು ಎಂದುಕೊಂಡಿದ್ದೇನೆ.

2024ರ ಮಾರ್ಚ್ 1ರಂದು ಗೂಗಲ್ ತನ್ನ ಪ್ಲೇ ಸ್ಟೋರ್‌ನಿಂದ ಭಾರತದ ಹಲವು ಆ್ಯಪ್‌ಗಳನ್ನು ತೆಗೆಯಲು ಶುರು ಮಾಡಿತು. ಭಾರತ್ ಮ್ಯಾಟ್ರಿಮೊನಿ, ನೌಕ್ರಿ, 99ಏಕರ್ಸ್ ಥರದ ದೊಡ್ಡ ಹೆಸರುಗಳೂ ಅದರಲ್ಲಿದ್ದವು. ಜಗಳ ಇದ್ದದ್ದು ಕಮಿಷನ್ ಬಗ್ಗೆ. ನಿಮ್ಮ ಸಹೋದ್ಯೋಗಿ ಅಶ್ವಿನಿ ವೈಷ್ಣವ್ ಅವರು ಮಧ್ಯೆ ಬಂದರು, ಮಾತುಕತೆ ಆಯಿತು, ಆ್ಯಪ್‌ಗಳು ವಾಪಸ್ ಬಂದವು. ಅವರು ಒಳ್ಳೆಯ ಕೆಲಸವನ್ನೇ ಮಾಡಿದರು. ಆದರೆ ಒಂದು ಕಂಪನಿಯ ಜೊತೆ ಮಾತಾಡಲು ಕೇಂದ್ರ ಸಚಿವರೇ ಕೂರಬೇಕಾಯಿತಲ್ಲ, ನನ್ನನ್ನು ಕಾಡುವುದು ಅದು. ಎರಡು ಮೂರು ಜನ ಸೇರಿ ಕಟ್ಟಿದ ಆ್ಯಪ್ ಹೀಗೆ ಮಾಯವಾದರೆ ಅವರ ಪರವಾಗಿ ಯಾರು ಫೋನ್ ಮಾಡುತ್ತಾರೆ?

ಲೆಕ್ಕವನ್ನೇ ನೋಡಿ. ಆಗ ಜಾರಿಯಲ್ಲಿದ್ದ ದರದ ಪ್ರಕಾರ 100 ರೂಪಾಯಿಯ ಸಬ್‌ಸ್ಕ್ರಿಪ್ಷನ್ ಮಾರಿದರೆ ಸಾಮಾನ್ಯವಾಗಿ 15 ರೂಪಾಯಿ ಪ್ಲೇ ಸ್ಟೋರ್‌ಗೆ ಹೋಗುತ್ತಿತ್ತು. ಬೇಡಪ್ಪ, ನಮ್ಮದೇ ಪೇಮೆಂಟ್ ವ್ಯವಸ್ಥೆ ಕೊಡುತ್ತೇವೆ ಅಂದರೆ ಕಡಿಮೆಯಾಗುತ್ತಿದ್ದದ್ದು ಬರೀ 4 ರೂಪಾಯಿ. ಗ್ರಾಹಕ ಯುಪಿಐನಲ್ಲಿ ನೇರವಾಗಿ ನಮಗೇ ಹಣ ಹಾಕಿದರೂ 11 ರೂಪಾಯಿ ಕಟ್ಟಲೇಬೇಕಿತ್ತು. ಯುಪಿಐ ಮೇಲಿನ ಎಂಡಿಆರ್ ಶುಲ್ಕವನ್ನು (ಡಿಜಿಟಲ್ ಪಾವತಿ ಪಡೆಯಲು ವ್ಯಾಪಾರಿಗಳು ಕಟ್ಟುವ ಶುಲ್ಕ) 2020ರ ಜನವರಿಯಿಂದ ಸೊನ್ನೆ ಮಾಡುವುದಾಗಿ ಘೋಷಿಸಿದ್ದು ನೀವೇ. ದೇಶ ಪುಕ್ಕಟೆ ಮಾಡಿದ ಪಾವತಿಯ ಮೇಲೂ ಇನ್ಯಾರೋ ಕಮಿಷನ್ ಎಣಿಸಿಕೊಳ್ಳುತ್ತಿದ್ದರು. ಸ್ಟೋರ್ ನಡೆಸಲು ಖರ್ಚಿದೆ, ಒಪ್ಪುತ್ತೇನೆ. ಪುಕ್ಕಟೆ ಆ್ಯಪ್‌ಗಳಿಗೆ ಅವರು ಕಮಿಷನ್ ಕೇಳುವುದಿಲ್ಲ, ಅದೂ ನಿಜ. ಆದರೆ ದೇಶದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸ್ಮಾರ್ಟ್‌ಫೋನ್‌ಗಳು ಆ್ಯಂಡ್ರಾಯ್ಡ್‌ನಲ್ಲೇ ನಡೆಯುವಾಗ ಚೌಕಾಸಿ ಮಾಡುವುದು ಯಾರ ಹತ್ತಿರ? ಕೊನೆಗೆ ಆ ದುಡ್ಡು ಗ್ರಾಹಕರ ಜೇಬಿನಿಂದಲೇ ಹೋಗುತ್ತದೆ. ತಮ್ಮ ಬಿಲ್‌ನಲ್ಲಿ ಸ್ಟೋರ್‌ನ ಪಾಲು ಎಷ್ಟು ಅಂತ ಅವರಿಗೆ ಗೊತ್ತೇ ಆಗುವುದಿಲ್ಲ.

ಮಾರುಕಟ್ಟೆಯಲ್ಲಿ ನ್ಯಾಯವಾದ ಸ್ಪರ್ಧೆ ಇರುವಂತೆ ಕಾಯುವ ಭಾರತೀಯ ಸ್ಪರ್ಧಾ ಆಯೋಗ ಸುಮ್ಮನೆ ಕೂತಿರಲಿಲ್ಲ. ಪ್ಲೇ ಸ್ಟೋರ್ ಪಾವತಿ ವಿಷಯದಲ್ಲಿ 2020ರ ನವೆಂಬರ್‌ನಲ್ಲಿ ತನಿಖೆಗೆ ಹೇಳಿತು. 2022ರ ಅಕ್ಟೋಬರ್ 25ರಂದು ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಬೇರೆ ಕಡೆ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಡೆವಲಪರ್‌ಗಳು ತಮ್ಮ ಗ್ರಾಹಕರಿಗೆ ಹೇಳುವುದನ್ನು ತಡೆಯಬಾರದು ಎಂದೂ ಆದೇಶ ಕೊಟ್ಟಿತು. ಮೇಲ್ಮನವಿ ತೀರ್ಮಾನವಾಗುವ ಹೊತ್ತಿಗೆ 2025ರ ಮಾರ್ಚ್ ಬಂತು. ದಂಡ 216.69 ಕೋಟಿಗೆ ಇಳಿಯಿತು. ಅಷ್ಟು ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಸಣ್ಣ ಕಂಪನಿಯೊಂದು ಹುಟ್ಟಿ, ಬೆಳೆದು, ಮುಚ್ಚಿಹೋಗಲು ಅಷ್ಟು ಸಮಯ ಧಾರಾಳ ಸಾಕು.

ಆಯೋಗಕ್ಕೇ ಬಲ ಇಲ್ಲದ ದಿನಗಳೂ ಇದ್ದವು. ಆ ಆದೇಶ ಬಂದ ದಿನವೇ ಅಧ್ಯಕ್ಷರ ಅವಧಿ ಮುಗಿಯಿತು. ಹೊಸ ಅಧ್ಯಕ್ಷೆ ಬಂದದ್ದು 2023ರ ಮೇ ತಿಂಗಳಲ್ಲಿ. ಮಧ್ಯದ ಅಷ್ಟೂ ತಿಂಗಳು ಮೂವರ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಮೂವರು ಸದಸ್ಯರು, ಇರಲಿಲ್ಲ. ಕುರ್ಚಿ ತುಂಬಬೇಕಾದದ್ದು ಸರ್ಕಾರ. ಅಷ್ಟು ದೊಡ್ಡ ಕಂಪನಿಯ ಎದುರು ನಿಲ್ಲಬೇಕಾದ ಸಂಸ್ಥೆಯನ್ನು ಹಾಗೆ ಬಿಡಬಾರದಿತ್ತು. ಇದನ್ನು ನೇರವಾಗಿಯೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ತಪ್ಪು ನಡೆದ ಮೇಲೆ ವರ್ಷಗಟ್ಟಲೆ ಕೇಸು ನಡೆಸುವ ಬದಲು, ದೊಡ್ಡ ಕಂಪನಿಗಳು ಏನು ಮಾಡಬಾರದು ಎಂದು ಮೊದಲೇ ಬರೆದಿಡುವುದು ನಿಮ್ಮ ಇಲಾಖೆಯ ಸಮಿತಿ ಸೂಚಿಸಿದ ದಾರಿ. ಅದರ ವರದಿ, ಕರಡು ಮಸೂದೆ ಎರಡೂ 2024ರ ಮಾರ್ಚ್‌ನಲ್ಲೇ ಹೊರಬಂದವು. ಅದೇ ತಿಂಗಳು ಯುರೋಪಿನಲ್ಲಿ ಇಂಥದ್ದೇ ಕಾನೂನಿನ ನಿಯಮಗಳು ದೊಡ್ಡ ಕಂಪನಿಗಳ ಮೇಲೆ ಜಾರಿಯಾದವು. ನಮ್ಮದು ಇನ್ನೂ ಕರಡಾಗಿಯೇ ಇದೆ.

ಕರಡಿನಲ್ಲಿ ತಿದ್ದಬೇಕಾದದ್ದು ಇದೆ ಅಲ್ವಾ ಅಂದರೆ, ಖಂಡಿತ ಇದೆ. ಯಾವ ಕಂಪನಿಗೆ ಈ ಕಾನೂನು ಅನ್ವಯಿಸುತ್ತದೆ ಎಂದು ನೋಡಲು ಇಟ್ಟಿರುವ 1 ಕೋಟಿ ಬಳಕೆದಾರರು ಎಂಬ ಮಿತಿ ಭಾರತಕ್ಕೆ ತೀರಾ ಕಡಿಮೆ. ನಮ್ಮದೇ ಬೆಳೆಯುತ್ತಿರುವ ಕಂಪನಿಗಳು ಇದರಲ್ಲಿ ಸಿಕ್ಕಿಬೀಳಬಹುದು ಎಂಬ ಭಯಕ್ಕೆ ಅರ್ಥವಿದೆ. ಆ ಮಿತಿಯನ್ನು ಏರಿಸಿ. ಆದರೆ ಅದೇ ನೆಪದಲ್ಲಿ ಇಡೀ ಮಸೂದೆಯನ್ನು ಕಪಾಟಿಗೆ ಸೇರಿಸಬೇಡಿ.

ಬೆಲೆಯನ್ನು ಗ್ರಾಹಕರಿಗೆ ಮುಚ್ಚುಮರೆಯಿಲ್ಲದೆ ಹೇಳುವ ಸ್ವಾತಂತ್ರ್ಯ ಆ ಕಾನೂನಿನಲ್ಲಿ ಡೆವಲಪರ್‌ಗಳಿಗೆ ಸಿಗಲಿ. ಮೋಸದ ಆ್ಯಪ್‌ಗಳನ್ನು ತಕ್ಷಣ ತೆಗೆಯಲಿ, ಬೇಡ ಎನ್ನುವುದಿಲ್ಲ. ಉಳಿದ ಯಾವ ಆ್ಯಪ್ ತೆಗೆಯುವುದಿದ್ದರೂ ಮೊದಲು ನೋಟಿಸ್ ಬರಲಿ, ಯಾವ ನಿಯಮ ಮುರಿದಿದೆ ಎಂದು ಬಿಡಿಸಿ ಹೇಳಲಿ. ಮೇಲ್ಮನವಿಗೆ ಯಂತ್ರದ ಬದಲು ಒಬ್ಬ ಮನುಷ್ಯ ಉತ್ತರ ಕೊಡಲಿ. ದೂರು ಕೊಟ್ಟವರ ಆ್ಯಪ್‌ಗೆ ತನಿಖೆ ಮುಗಿಯುವ ತನಕ ರಕ್ಷಣೆ ಇರಲಿ. ಇಲ್ಲದಿದ್ದರೆ ಆಯೋಗದ ಬಾಗಿಲು ತಟ್ಟುವ ಧೈರ್ಯ ಯಾರಿಗೂ ಬರುವುದಿಲ್ಲ.

ತಿದ್ದಿದ ಮಸೂದೆಯನ್ನು ಸಂಸತ್ತಿನಲ್ಲಿ ಯಾವಾಗ ಮಂಡಿಸುತ್ತೀರಿ ಎಂಬ ದಿನಾಂಕವನ್ನು ತಿಳಿಸಿ ಎಂದು ಕೇಳಿಕೊಳ್ಳುತ್ತೇನೆ.

ಗೌರವದೊಂದಿಗೆ,
ಆ್ಯಪ್ ಕಟ್ಟುವ ಒಬ್ಬ ಕನ್ನಡಿಗ